ಯಾರದೂ ಅಲ್ಲದ ಹಾಡು: ಪಶ್ತೂನ್ ಹೆಂಗಸರ ಲಂಡೈ ಮತ್ತು ದನಿಯ ಮೇಲಿನ ಕಾನೂನು

2024ರ ಆಗಸ್ಟ್‌ನಲ್ಲಿ ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತ 35 ಕಲಮುಗಳ ಒಂದು ಕಾನೂನನ್ನು ಜಾರಿಗೆ ತಂದಿತು. ಜನರ ನಡತೆಯನ್ನು ತಿದ್ದುವುದು ಅದರ ಘೋಷಿತ ಉದ್ದೇಶ. ಹೆಂಗಸು ಮೈ ಮುಚ್ಚಬೇಕು, ಮುಖ ಮುಚ್ಚಬೇಕು ಎಂದು ಹೇಳಿ 13ನೇ ಕಲಮು ಸುಮ್ಮನಾಗುವುದಿಲ್ಲ. ಅವಳ ದನಿಯೂ ಮರೆಯಲ್ಲಿ ಇರಬೇಕಾದದ್ದು ಎನ್ನುತ್ತದೆ. ಕೂಟದಲ್ಲಿ ಹಾಡುವುದೂ ಗಟ್ಟಿಯಾಗಿ ಓದುವುದೂ ಅದರೊಳಗೆ ಬರುತ್ತವೆ. ತಪ್ಪಿದವರಿಗೆ ಬುದ್ಧಿವಾದದಿಂದ ಶುರುವಾಗಿ ಎಚ್ಚರಿಕೆ, ದಂಡ, ಒಂದು ಗಂಟೆಯಿಂದ ಮೂರು ದಿನದವರೆಗಿನ ಬಂಧನದ ತನಕ ಶಿಕ್ಷೆಗಳಿವೆ.

ಸುದ್ದಿ ಓದಿದವರಿಗೆ ಇದು ಹಳೆಯ ಪಟ್ಟಿಗೆ ಸೇರಿದ ಇನ್ನೊಂದು ನಿಷೇಧವಾಗಿ ಕಂಡಿರಬಹುದು. 6ನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆಯಿಲ್ಲ. 2022ರ ಡಿಸೆಂಬರ್‌ನಿಂದ ವಿಶ್ವವಿದ್ಯಾಲಯವಿಲ್ಲ. ಈಗ ಹಾಡೂ ಇಲ್ಲ. ಆದರೆ ಪಶ್ತೂನ್ ಹೆಂಗಸರ ಮಟ್ಟಿಗೆ ಈ ಕಲಮಿನ ಪೆಟ್ಟು ಬೇರೆಯೇ ಕಡೆ ಬೀಳುತ್ತದೆ. ಅವರ ಸಾಹಿತ್ಯ ಇರುವುದೇ ದನಿಯಲ್ಲಿ, ಲಂಡೈ ಎಂಬ ಎರಡು ಸಾಲಿನ ಹಾಡುಗಳಲ್ಲಿ. ಆ ಸಾಹಿತ್ಯವನ್ನು ಇಷ್ಟು ಕಾಲ ಕಾಪಾಡಿದ್ದು ಎಲ್ಲೂ ಬರೆದಿಡದ ಒಂದು ಒಪ್ಪಂದ: ಹಾಡು ಯಾರದೆಂದು ಗೊತ್ತಾಗದಿದ್ದರೆ ಏನನ್ನು ಬೇಕಾದರೂ ಹಾಡಬಹುದು. ಹಳೆಯ ಕಟ್ಟಳೆ ಹೆಸರನ್ನು ಹುಡುಕುತ್ತಿತ್ತು. ಹೊಸ ಕಾನೂನಿಗೆ ಹೆಸರೇ ಬೇಕಿಲ್ಲ, ಕಿವಿಗೆ ಬಿದ್ದರೆ ಸಾಕು. ಈ ವ್ಯತ್ಯಾಸ ಹಿಡಿಯದೆ ಹೋದರೆ ಅಲ್ಲಿ ಏನು ಕಳೆದುಹೋಗುತ್ತಿದೆ ಎಂಬುದು ತಿಳಿಯುವುದಿಲ್ಲ.

ನಾವು ಪಠಾಣರು ಎಂದು ಕರೆಯುವ ಪಶ್ತೂನರು 1893ರಲ್ಲಿ ಬ್ರಿಟಿಷರು ಎಳೆಸಿದ ಡ್ಯುರಾಂಡ್ ಗೆರೆಯ ಎರಡೂ ಬದಿಗೆ ಹಂಚಿಹೋಗಿದ್ದಾರೆ. ಆಚೆ ಕಂದಹಾರ್, ಹೆಲ್ಮಂಡ್, ಖೋಸ್ತ್, ಪಕ್ತಿಯಾ, ನಂಗರ್‌ಹಾರ್. ಈಚೆ ಪೆಶಾವರ, ಸ್ವಾತ್, ಮರ್ದಾನ್, ವಜೀರಿಸ್ತಾನ, ಕ್ವೆಟ್ಟಾದ ಸುತ್ತಮುತ್ತ. ಪಾಕಿಸ್ತಾನದ 2023ರ ಜನಗಣತಿಯಲ್ಲಿ ಪಶ್ತೊ ತಾಯ್ನುಡಿಯೆಂದು ಬರೆಸಿದವರೇ 4 ಕೋಟಿಗೂ ಹೆಚ್ಚು. ಅಫ್ಘಾನಿಸ್ತಾನದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಓದು ಬರಹ ಬಲ್ಲವರು 100ಕ್ಕೆ ಸುಮಾರು 23 ಎಂದು ಯುನೆಸ್ಕೊ 2021ರಲ್ಲಿ ಅಂದಾಜು ಮಾಡಿತ್ತು. ದಕ್ಷಿಣದ ಪಶ್ತೂನ್ ಹಳ್ಳಿಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಬಾಯಲ್ಲೇ ಕಟ್ಟಿ ಬಾಯಲ್ಲೇ ದಾಟಿಸುವ ಕಾವ್ಯ ಅಲ್ಲಿ ಬೆಳೆದದ್ದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಆ ಕಾವ್ಯದ ಅಳತೆಯಲ್ಲೇ ಇದೆ.

9 ಮತ್ತು 13

ಅಫ್ಘಾನಿಸ್ತಾನದ ಕಡೆ ಇದರ ಹೆಸರು ಲಂಡೈ. ಪೆಶಾವರದ ಕಡೆ ಟಪ್ಪಾ. ಧಾರವಾಡದ ಬೈಠಕ್ಕುಗಳಲ್ಲಿ ಕೇಳಿಬರುವ ಹಿಂದೂಸ್ತಾನಿ ಟಪ್ಪಾಕ್ಕೂ ಇದಕ್ಕೂ ಹೆಸರಷ್ಟೇ ಒಂದು. ಅದು ಪಂಜಾಬಿನ ಕಡೆಯಿಂದ ಬಂದ ಗಾಯನಶೈಲಿ, ಇದು ಪದ್ಯದ ಜಾತಿ. ಲಂಡೈ ಎಂದರೆ ಗಿಡ್ಡನೆಯದು. ಗಿಡ್ಡನೆಯ ವಿಷದ ಹಾವಿಗೂ ಅದೇ ಮಾತು.

ಪದ್ಯಕ್ಕೆ ಎರಡೇ ಸಾಲು. ಮೊದಲ ಸಾಲಿಗೆ 9 ಅಕ್ಷರ, ಎರಡನೆಯದಕ್ಕೆ 13, ಒಟ್ಟು 22. ಇಲ್ಲಿ ಮಾತ್ರೆಯ ಲೆಕ್ಕವಿಲ್ಲ, ಗುರುವಾದರೂ ಲಘುವಾದರೂ ಒಂದೇ. ಪ್ರಾಸ ಬೇಕೇಬೇಕೆಂದಿಲ್ಲ. ಬೇಕಾದದ್ದು ಕೊನೆಯ ಅಕ್ಷರ: 'ನ' ಅಥವಾ 'ಮ'. ಉಸಿರಿನ ಒತ್ತು ಸಾಮಾನ್ಯವಾಗಿ ಮೊದಲ ಸಾಲಿನಲ್ಲಿ 4 ಮತ್ತು 8ನೇ ಅಕ್ಷರದ ಮೇಲೆ, ಎರಡನೆಯದರಲ್ಲಿ 4, 8, 12ರ ಮೇಲೆ ಬೀಳುತ್ತದೆ. ಎಲ್ಲರಿಗೂ ಗೊತ್ತಿರುವ ಒಂದು ಲಂಡೈಯನ್ನು ಬಿಡಿಸಿ ನೋಡಬಹುದು:

ಕ – ಪ – ಮೈ – ವಂದ್ – ಕೇ – ಶ – ಹೀದ್ – ನ – ಶ್ವೇ
ಖ್ದಾಯ್ – ಝೋ – ಲಾ – ಲಿ – ಯ – ಬೇ – ನಂ – ಗೈ – ತ – ದೇ – ಸಾ – ತೀ – ನ

'ಮೈವಂದ್‌ನಲ್ಲಿ ನೀನು ಹುತಾತ್ಮನಾಗದಿದ್ದರೆ, ದೇವರಾಣೆ ನಲ್ಲ, ಮಾನಗೇಡಿಗೆಂದೇ ನಿನ್ನನ್ನು ಉಳಿಸಿಟ್ಟಂತೆ' ಎಂಬುದು ತಾತ್ಪರ್ಯ. ಮೊದಲ ಸಾಲಿನ 8ನೇ ಅಕ್ಷರ 'ನ' ಎಂದರೆ ಪಶ್ತೊದಲ್ಲಿ 'ಇಲ್ಲ'. ಸಾಲಿನ ಒತ್ತು ಸರಿಯಾಗಿ ಆ 'ಇಲ್ಲ'ದ ಮೇಲೆ ಬೀಳುತ್ತದೆ. ಕೊನೆಯ 'ಸಾತೀನ' ಎಂಬುದನ್ನೂ ನೋಡಿ. ಆಡುಮಾತಿನಲ್ಲಿ ಅದು ಬರೀ 'ಸಾತಿ', ಅಂದರೆ ಕಾಪಾಡುತ್ತದೆ. ಲಂಡೈಯಲ್ಲಿ ಕ್ರಿಯಾಪದಕ್ಕೆ 'ನ' ಬಾಲ ಸೇರುತ್ತದೆ. ನಾನು ಎಂಬ ಪುರುಷದ ಕ್ರಿಯಾಪದವಾದರೆ ಕೊನೆಯ 'ಮ್' ಬಾಯಿ ತೆರೆದು 'ಮ' ಆಗುತ್ತದೆ. ಹಾಡುವವಳಿಗೆ ಎಳೆಯಲು ಒಂದು ಸ್ವರ ಸಿಕ್ಕಿತು. ಪಕ್ಕದಲ್ಲಿ ಕೂತವಳಿಗೆ ಹಾಡು ಮುಗಿಯಿತು, ಇನ್ನು ನನ್ನ ಸರದಿ ಎಂಬ ಸೂಚನೆ ಸಿಕ್ಕಿತು.

ಬಾಲ ಮೊದಲೇ ಗೊತ್ತು, ಒತ್ತು ಮೊದಲೇ ಗೊತ್ತು, ಅಕ್ಷರಗಳ ಸಂಖ್ಯೆ ಗೊತ್ತು. ಆದ್ದರಿಂದ ಒಮ್ಮೆ ಕೇಳಿದರೆ ಲಂಡೈ ನೆನಪಿನಲ್ಲಿ ಕೂರುತ್ತದೆ, ಒಂದು ಪದ ತಪ್ಪಿದರೂ ಕಿವಿ ಹಿಡಿಯುತ್ತದೆ. ಕಾಗದ ಬೇಕಿಲ್ಲ, ಹಾಗಾಗಿ ಬಚ್ಚಿಡುವ ಕಷ್ಟವೂ ಇಲ್ಲ.

ಅಳತೆ ಇಷ್ಟು ಬಿಗಿಯಾಗಿರುವುದರಿಂದಲೇ ಪದ ಬದಲಿಸುವುದೂ ಸುಲಭ. 19ನೇ ಶತಮಾನದ ಲಂಡೈಗಳಲ್ಲಿ ಬೈಸಿಕೊಳ್ಳುತ್ತಿದ್ದವನು 'ಪಿರಂಗಯ್', ಅಂದರೆ ಇಂಗ್ಲಿಷಿನವನು. 1979ರ ನಂತರ ಆ ಜಾಗಕ್ಕೆ 'ಶುರವಿ', ಸೋವಿಯತ್ತಿನವನು ಬಂದ. 2001ರ ನಂತರ 'ಅಮ್ರಿಕಾ' ಬಂತು. ಮೂರೂ ಮೂರಕ್ಷರದ ಮಾತುಗಳು. ಉಳಿದ 19 ಅಕ್ಷರ ಅಲುಗದೆ ಹಾಡು ಹೊಸ ಯುದ್ಧಕ್ಕೆ ಹೊಂದಿಕೊಳ್ಳುತ್ತದೆ. ಹುಡುಗಿಯರು ಕೊಡ ಹೊತ್ತು ನೀರಿಗೆ ಹೋಗುವ ಗೂದರ್, ಅಂದರೆ ತೊರೆಯ ರೇವು, ಹಳೆಯ ಲಂಡೈಗಳಲ್ಲಿ ನಲ್ಲನ ಮುಖ ಕಾಣುವ ಒಂದೇ ಜಾಗ. ಇತ್ತೀಚಿನ ಕೆಲವು ಹಾಡುಗಳಲ್ಲಿ ಅದೇ ಜಾಗದಲ್ಲಿ ಇಂಟರ್‌ನೆಟ್ ಕೂತಿದೆ. ಆಕಾಶದಿಂದ ಬಾಂಬು ಹಾಕುವ ಡ್ರೋನ್ ಕೂಡ ಲಂಡೈಯೊಳಗೆ ಬಂದಿದೆ. ಲಂಡೈ ಹಳೆಯ ಕಾಲದ ಪಳೆಯುಳಿಕೆ ಎನ್ನುವವರು ಇದನ್ನು ಗಮನಿಸಿಲ್ಲ.

ಹಾಡುವ ಸಂದರ್ಭಗಳು ಹಲವು. ಮದುವೆಯ ಮುಂಚಿನ ಮದರಂಗಿಯ ರಾತ್ರಿ ಹೆಂಗಸರು ಒಳಮನೆಯಲ್ಲಿ ದಾಯಿರೆ ಎಂಬ ತಮಟೆಯಂಥ ವಾದ್ಯ ಬಡಿಯುತ್ತ ಒಬ್ಬರಾದ ಮೇಲೆ ಒಬ್ಬರು ಲಂಡೈ ಎತ್ತುತ್ತಾರೆ. ಹಿಂದಿನದಕ್ಕೆ ಸವಾಲಾಗಿಯೋ ಉತ್ತರವಾಗಿಯೋ ಮುಂದಿನದು ಬರುತ್ತದೆ. ಸಾವಿನ ಮನೆಯಲ್ಲಿ ಹೆಣದ ಸುತ್ತ ಕೂತು ಅಳುತ್ತ ಹಾಡುವ 'ಸಾಂದೆ', ಮದುವೆಗೆಂದೇ ಇರುವ 'ಬಾಬೊಲಾಲೆ', ಮಗು ಮಲಗಿಸುವ 'ಅಲ್ಲಾಹೂ' ಕೂಡ ಹೆಂಗಸರವೇ ಆದ ಪ್ರಕಾರಗಳು, ಅವುಗಳ ಧಾಟಿ ಬೇರೆ. ರಬಾಬ್ ಎಂಬ ತಂತಿವಾದ್ಯದ ಜೊತೆ ಗಂಡಸರು ವೇದಿಕೆಯಲ್ಲಿ 'ಯಾ ಕುರ್ಬಾನ್' ಎಂದು ಎಳೆದು ಹಾಡುವುದೂ ಇದೇ ಟಪ್ಪಾ. ಗಂಡಸರೂ ಲಂಡೈ ಕಟ್ಟುತ್ತಾರೆ, ಹಾಡುತ್ತಾರೆ. ಆದರೂ ಪದ್ಯದೊಳಗೆ ಮಾತಾಡುವವಳು ಬಹುಪಾಲು ಹೆಂಗಸೇ. ಗಂಡಸು ಹಾಡಿದರೂ ಅವನ ಬಾಯಿಂದ ಬರುವುದು ಅವಳ ಮಾತು.

ಚುಚ್ಚುಮಾತಿನ ಎರಡು ಅಲಗು

ಮೇಲಿನ ಮೈವಂದ್ ಲಂಡೈಯನ್ನು ಮಲಾಲೈ ಎಂಬ ಹುಡುಗಿ 1880ರ ಜುಲೈ 27ರಂದು ಬ್ರಿಟಿಷರ ವಿರುದ್ಧದ ಕಾಳಗದಲ್ಲಿ, ಹಿಮ್ಮೆಟ್ಟುತ್ತಿದ್ದ ತನ್ನವರನ್ನು ಕಂಡು ಹಾಡಿದಳೆಂದು ಜನ ನಂಬುತ್ತಾರೆ. ಬ್ರಿಟಿಷರ ದಾಖಲೆಗಳಲ್ಲಿ ಅವಳ ಹೆಸರಿಲ್ಲ. ಪಶ್ತೂನರ ನೆನಪಿನಲ್ಲಿ ಮಾತ್ರ ಅವಳಷ್ಟು ಗಟ್ಟಿಯಾಗಿ ನಿಂತ ಹೆಂಗಸು ಇನ್ನೊಬ್ಬಳಿಲ್ಲ. ನೊಬೆಲ್ ಪಡೆದ ಮಲಾಲಾ ಯೂಸುಫ್‌ಜೈಗೆ ತಂದೆ ಇಟ್ಟದ್ದು ಅವಳದೇ ಹೆಸರು.

ಆ ಪದ್ಯದಲ್ಲಿ ಅವಳು ನಲ್ಲನಿಗೆ ಬದುಕಿ ಬಾ ಎನ್ನಲಿಲ್ಲ, ಸತ್ತು ಬಾ ಎಂದಳು. ಪಶ್ತೊದಲ್ಲಿ ಇದಕ್ಕೆ ಪೇಘೋರ್ ಎನ್ನುತ್ತಾರೆ: ಮಾನ ಮುಟ್ಟುವ ಚುಚ್ಚುಮಾತು. ಗಂಡಸಿಗೆ 'ನಂಗ್', 'ಗೈರತ್' ಎಂದರೆ ಮಾನ, ರೋಷ. ಅವನ ಮಾನವನ್ನು ಅಳೆಯುವ ಹಕ್ಕು ಹೆಂಗಸಿನ ನಾಲಿಗೆಯಲ್ಲಿದೆ. ಅವಳು ಪೇಘೋರ್ ಎಸೆದರೆ ಅವನು ಬಂದೂಕು ಎತ್ತಲೇಬೇಕು. ಲಂಡೈಗಳಲ್ಲಿ ದೊಡ್ಡ ಪಾಲು ಇಂಥವು: ಯುದ್ಧದಿಂದ ಬೆನ್ನು ತೋರಿಸಿ ಬಂದವನಿಗೆ ಮುತ್ತಿಲ್ಲ, ಎದೆಗೆ ಗುಂಡು ತಾಗಿದವನಿಗೆ ನನ್ನ ಸೆರಗಿನಿಂದ ಕಫನ್, ಹೆಣದ ಬಟ್ಟೆ, ಹೊಲಿಯುತ್ತೇನೆ ಎನ್ನುವ ಧಾಟಿಯವು.

ಹಾಗಾಗಿ ಲಂಡೈ ಎಂದರೆ ಪೂರ್ತಿ ಬಂಡಾಯದ ಕಾವ್ಯ ಎನ್ನುವುದು ಅರ್ಧ ಸತ್ಯ. ಹೆಂಗಸನ್ನು ಕಟ್ಟಿಹಾಕುವ ಅದೇ ಮಾನದ ಕಟ್ಟಳೆಯನ್ನು ಈ ಹಾಡುಗಳು ಗಂಡಸಿನ ಮೇಲೂ ಹೇರುತ್ತವೆ, ಹೇರುತ್ತ ಆ ಕಟ್ಟಳೆಯನ್ನು ಬಲಪಡಿಸುತ್ತವೆ. ಈ ಧಾಟಿಯ ಶಕ್ತಿ ತಾಲಿಬಾನಿಗೂ ತಿಳಿದದ್ದೇ. ವಾದ್ಯಗಳನ್ನು ನಿಷೇಧಿಸಿದ ಅವರೇ ವಾದ್ಯವಿಲ್ಲದ 'ತರಾನಾ' ಹಾಡುಗಳನ್ನು ಹೋರಾಟದ ಉದ್ದಕ್ಕೂ ಹಾಡಿಸಿದರು, ಕ್ಯಾಸೆಟ್ಟು, ಮೊಬೈಲುಗಳಲ್ಲಿ ಹಂಚಿದರು.

ಇನ್ನೊಂದು ಅಲಗು ಮನೆಯೊಳಕ್ಕೆ ತಿರುಗಿದ್ದು. 'ಮುದುಕನಿಗೆ ನನ್ನ ಮಾರಿದೆಯಲ್ಲ ಅಪ್ಪ, ನಿನ್ನ ಮನೆ ಹಾಳಾಗಲಿ, ನಾನು ನಿನ್ನ ಮಗಳಾಗಿದ್ದೆ' ಎನ್ನುತ್ತದೆ ಒಂದು. ಅಕ್ಕತಂಗಿಯರು ಕೂತರೆ ಅಣ್ಣತಮ್ಮಂದಿರನ್ನು ಹೊಗಳುತ್ತಾರೆ, ಅಣ್ಣತಮ್ಮಂದಿರು ಕೂತರೆ ಅಕ್ಕತಂಗಿಯರನ್ನು ಮಾರುತ್ತಾರೆ ಎನ್ನುತ್ತದೆ ಇನ್ನೊಂದು. ಗಂಡನ ಮುದಿತನವನ್ನು, ಹಾಸಿಗೆಯಲ್ಲಿ ಅವನ ಕೈಲಾಗದತನವನ್ನು ಹೆಸರಿಟ್ಟು ಆಡಿಕೊಳ್ಳುವ ಲಂಡೈಗಳಿಗೆ ಲೆಕ್ಕವಿಲ್ಲ. ಇವುಗಳನ್ನು ಮುಚ್ಚುಮರೆಯಿಲ್ಲದೆ ಹಾಡುವವರಲ್ಲಿ ಹಿಜಾಬು, ನಮಾಜು ಒಂದನ್ನೂ ಬಿಡದ ಅಜ್ಜಿಯರಿದ್ದಾರೆ. ಇದರಲ್ಲಿ ಯಾವ ವಿರೋಧವೂ ಅವರಿಗೆ ಕಾಣುವುದಿಲ್ಲ, ಏಕೆಂದರೆ ಹಾಡು ಅವರದಲ್ಲ. ಎಲ್ಲೋ ಕೇಳಿದ್ದು.

ಹೆಸರು ಬಿದ್ದರೆ ಏನಾಗುತ್ತದೆ

ಪಶ್ತೂನ್ ಕಟ್ಟಳೆಯಲ್ಲಿ ಮನೆಯ ಹೆಂಗಸರೆಂದರೆ 'ನಾಮೂಸ್', ಗಂಡಸು ಕಾಯಬೇಕಾದ ಮಾನ. ಪರಪುರುಷನ ಜೊತೆ ಅವಳ ಹೆಸರು ತಳಕು ಹಾಕಿಕೊಂಡರೆ ಅವಳು 'ತೋರ್', ಅಂದರೆ ಕಪ್ಪು ಹತ್ತಿದವಳು. ಆ ಕಪ್ಪನ್ನು ತೊಳೆಯುವುದು ರಕ್ತದಿಂದ ಎಂಬುದು ಹಳೆಯ ರೂಢಿ. ಪುರಾವೆ ಬೇಕಿಲ್ಲ, ಊರಿನ ಮಾತು ಸಾಕು. ಹೀಗಾಗಿ ಹೆಂಗಸಿನ ಹೆಸರೇ ಬಾಯಿಗೆ ಬರಬಾರದ ಮಾತಾಯಿತು. ಆಮಂತ್ರಣ ಪತ್ರದಲ್ಲಿ ವಧುವಿನ ಹೆಸರಿಲ್ಲ, ಗೋರಿಯ ಕಲ್ಲಿನ ಮೇಲೂ ಎಷ್ಟೋ ಕಡೆ ಇಲ್ಲ. ಇಂಥವನ ಮಗಳು, ಇಂಥವನ ಹೆಂಡತಿ, ಅಷ್ಟೆ. ಇದು ಪಶ್ತೂನರಿಗೆ ಮಾತ್ರ ಸೀಮಿತವೂ ಅಲ್ಲ. ಫಾರ್ಸಿ ಮಾತಾಡುವ ಹೆರಾತ್ ನಗರದಲ್ಲಿ 2017ರಲ್ಲಿ 'ನನ್ನ ಹೆಸರೆಲ್ಲಿ?' ಎಂಬ ಚಳವಳಿ ಶುರುವಾಯಿತು. ಗುರುತಿನ ಚೀಟಿಯಲ್ಲಿ ತಾಯಿಯ ಹೆಸರನ್ನೂ ಬರೆಯಲು ಅಫ್ಘಾನ್ ಸರ್ಕಾರ ಒಪ್ಪಿದ್ದು 2020ರ ಸೆಪ್ಟೆಂಬರ್‌ನಲ್ಲಿ.

ಹೆಣ್ಣಿನ ಲೆಕ್ಕಾಚಾರ ನಡೆಯುವುದೂ ಹೆಸರಿಲ್ಲದೆಯೇ. ಮದುವೆಯಲ್ಲಿ ವರನ ಕಡೆಯವರು ತಂದೆಗೆ ಕೊಡುವ ಹಣ 'ವಲ್ವರ್'. ಇದು ವಧುವಿಗೇ ಸೇರಬೇಕಾದ ಮಹರ್‌ಗಿಂತ ಬೇರೆ. ಲಂಡೈಗಳಲ್ಲಿ ಬರುವ 'ಮಾರಿದೆ' ಎಂಬ ಮಾತಿಗೆ ಇದೇ ಬುಡ. ಕೊಲೆಯ ಹಗೆ ತೀರಿಸಲು ಜಿರ್ಗಾ, ಅಂದರೆ ಹಿರಿಯರ ಪಂಚಾಯತಿಯ ತೀರ್ಪಿನಂತೆ ಎದುರಾಳಿಯ ಮನೆಗೆ ಹುಡುಗಿಯನ್ನು ಒಪ್ಪಿಸುವುದಕ್ಕೆ ಅಫ್ಘಾನಿಸ್ತಾನದಲ್ಲಿ 'ಬದ್', ಪೆಶಾವರದ ಕಡೆ 'ಸ್ವರಾ' ಎನ್ನುತ್ತಾರೆ. ಅಫ್ಘಾನಿಸ್ತಾನದ 2009ರ ಕಾನೂನು, ಪಾಕಿಸ್ತಾನದ 2011ರ ಕಾನೂನು ಎರಡೂ ಇದನ್ನು ಅಪರಾಧವೆಂದವು. ಜಿರ್ಗಾದಲ್ಲಿ ಕೂರುವವರು ಗಂಡಸರು. ಒಪ್ಪಿಸಲ್ಪಟ್ಟವಳಿಗೆ ಅಲ್ಲಿ ಬಾಯಿಲ್ಲ, ಅವಳ ಸಂಕಟಕ್ಕೆ ಲಂಡೈಯಲ್ಲಿ ಮಾತ್ರ ಜಾಗವಿತ್ತು.

ಈ ಹಿನ್ನೆಲೆಯಲ್ಲಿ ಲಂಡೈಗೆ ಕರ್ತೃ ಇಲ್ಲದಿರುವುದು ಆಕಸ್ಮಿಕವಲ್ಲ. ಗಜಲ್ ಬರೆಯುವ ಗಂಡಸು ಕೊನೆಯ ದ್ವಿಪದಿಯಲ್ಲಿ ತನ್ನ ಕಾವ್ಯನಾಮ ಸೇರಿಸುತ್ತಾನೆ. ಲಂಡೈಯಲ್ಲಿ ಅಂಕಿತಕ್ಕೆ ಜಾಗವೇ ಇಲ್ಲ. 'ಇದನ್ನು ಕಟ್ಟಿದವಳು ಯಾರು?' ಎಂದು ಅತ್ತೆ ಕೇಳಿದರೆ 'ತವರಿನ ಮದುವೆಯಲ್ಲಿ ಕೇಳಿದ್ದು' ಎಂದರೆ ಮುಗಿಯಿತು. ಹಾಡಿನೊಳಗಿನ 'ನಾನು' ಯಾರೂ ಆಗಬಹುದು. ಈ ರಕ್ಷಣೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಲೋಕದ ಅತ್ಯಂತ ಚುರುಕಾದ ಕಿರುಪದ್ಯಗಳಲ್ಲಿ ಎಷ್ಟನ್ನೋ ಕಟ್ಟಿದ ಹೆಂಗಸರಲ್ಲಿ ಒಬ್ಬಳ ಹೆಸರೂ ನಮಗೆ ತಿಳಿದಿಲ್ಲ.

ಹೆಸರುಳ್ಳ ಹಳೆಯ ಕವಯಿತ್ರಿಯರ ವಿಷಯಕ್ಕೆ ಬಂದರೆ ನೆಲ ಅಷ್ಟು ಗಟ್ಟಿಯಿಲ್ಲ. ಕಂದಹಾರದ ಪಶ್ತೂನ್ ದೊರೆ ಮೀರ್‌ವೈಸ್ ಹೋತಕ್‌ನ ತಾಯಿ ನಾಜೊ ತೋಖಿಯನ್ನು ಪಶ್ತೂನರು 'ನಾಜೊ ಅನಾ', ನಾಜೊ ಅಜ್ಜಿ ಎಂದು ಪೂಜ್ಯಭಾವದಿಂದ ನೆನೆಯುತ್ತಾರೆ. ಇಬ್ಬನಿ ಸುರಿಸುವ ನರ್ಗಿಸ್ ಹೂವಿನ ಬಗ್ಗೆ ಅವಳದೆನ್ನುವ ಚೌಪದಿ ಶಾಲಾ ಪುಸ್ತಕಗಳವರೆಗೂ ಬಂದಿದೆ. ಆದರೆ ಅವಳ ಮತ್ತು ಇತರ ಹಲವು ಕವಯಿತ್ರಿಯರ ಪದ್ಯಗಳಿಗೆ ಆಧಾರ 'ಪಟಾ ಖಜಾನಾ' ಎಂಬ ಒಂದೇ ಹಸ್ತಪ್ರತಿ. 1729ರದೆಂದು ಹೇಳಿ 1944ರಲ್ಲಿ ಅಫ್ಘಾನ್ ವಿದ್ವಾಂಸ ಅಬ್ದುಲ್ ಹೈ ಹಬೀಬಿ ಪ್ರಕಟಿಸಿದ ಆ ಪ್ರತಿಯ ಸಾಚಾತನವನ್ನು ವಿದ್ವಾಂಸರು ಇಂದಿಗೂ ಒಪ್ಪಿ ಮುಗಿಸಿಲ್ಲ. ಆಧುನಿಕ ಕಾಲದಲ್ಲಿ ನೆಲ ಗಟ್ಟಿಯಾಗುತ್ತದೆ. ಪೆಶಾವರದ ಜೈತೂನ್ ಬಾನೊ 1958ರಲ್ಲೇ ಪಶ್ತೊ ಕಥಾಸಂಕಲನ ತಂದರು, ಮುಂದೆ ಕವಿತೆಗಳನ್ನೂ ಪ್ರಕಟಿಸಿದರು, 2021ರಲ್ಲಿ ತೀರಿಕೊಂಡರು. ಪೆಶಾವರ ವಿಶ್ವವಿದ್ಯಾಲಯದ ಪಶ್ತೊ ಅಕಾಡೆಮಿಯ ನಿರ್ದೇಶಕಿಯಾಗಿದ್ದ ಸಲ್ಮಾ ಶಾಹೀನ್ ಸ್ವತಃ ಕವಯಿತ್ರಿ; ಟಪ್ಪಾಗಳನ್ನು ಸಂಗ್ರಹಿಸಿ ಸಂಪುಟಗಳಾಗಿ ಹೊರತಂದದ್ದು ಅವರ ದೊಡ್ಡ ಕೆಲಸ. ಓದಿದ, ನಗರದ, ಮನೆಯವರ ಬೆಂಬಲವಿದ್ದ ಹೆಂಗಸಿಗೆ ಹೆಸರಿಟ್ಟು ಬರೆಯುವುದು ಅಲ್ಲಿ ಸಾಧ್ಯವಾಗಿದೆ ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ. ಹಾಡುಗಾರ್ತಿಯರ ಪಾಡು ಮಾತ್ರ ಅಲ್ಲಿಯೂ ಬೇರೆ. ಸ್ವಾತ್‌ನಿಂದ ಬಂದು ಹೆಸರು ಮಾಡಿದ ಘಜಾಲಾ ಜಾವೇದ್‌ರನ್ನು 2012ರ ಜೂನ್‌ನಲ್ಲಿ ಪೆಶಾವರದ ಬೀದಿಯಲ್ಲಿ ಗುಂಡಿಕ್ಕಿ ಕೊಂದರು.

ಫೋನಿನಲ್ಲಿ ಓದಿದ ಕವಿತೆ

2001ರ ನಂತರದ 20 ವರ್ಷಗಳಲ್ಲಿ ಹಳೆಯ ಒಪ್ಪಂದಕ್ಕೆ ಬಿರುಕು ಬಿದ್ದದ್ದು ಮೊಬೈಲಿನಿಂದ. ಖೋಸ್ತ್‌ನ ಸಂಸದೆ ಸಾಹಿರಾ ಶರೀಫ್ ಕಾಬೂಲಿನಲ್ಲಿ 'ಮೀರ್ಮನ್ ಬಹೀರ್' ಎಂಬ ಮಹಿಳಾ ಸಾಹಿತ್ಯ ಬಳಗ ಕಟ್ಟಿದರು. ಕಾಬೂಲಿನ ಸದಸ್ಯೆಯರು ವಾರಕ್ಕೊಮ್ಮೆ ಸೇರಿ ಓದುತ್ತಿದ್ದರು. ಪ್ರಾಂತ್ಯಗಳ ಹುಡುಗಿಯರು ಮನೆಯಿಂದ ಹೊರಬರುವಂತಿಲ್ಲ. ಅವರು ಫೋನು ಮಾಡುತ್ತಿದ್ದರು, ಇತ್ತ ಒಬ್ಬರು ಸಾಲು ಸಾಲಾಗಿ ಬರೆದುಕೊಳ್ಳುತ್ತಿದ್ದರು, ತಿದ್ದುಪಡಿ ಹೇಳುತ್ತಿದ್ದರು. ಬರುತ್ತಿದ್ದದ್ದು ಲಂಡೈ ಮಾತ್ರವಲ್ಲ, ಹುಡುಗಿಯರು ತಾವೇ ಬರೆದ ಗಜಲ್, ಮುಕ್ತಛಂದದ ಕವಿತೆಗಳು. ಸುಳ್ಳು ಹೆಸರುಗಳ ಹಿಂದೆ ನಿಜವಾದ ಕವಿಗಳಿದ್ದರು.

ತೊಡಕು ಎಲ್ಲಿ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮನೆಗೆಲ್ಲ ಒಂದೇ ಫೋನು, ಅದು ಅಣ್ಣನದು. ಕರೆ ಮುಗಿದ ಮೇಲೂ ನಂಬರು ಒಳಗೆ ಉಳಿಯುತ್ತದೆ. ಅತ್ತಲಿಂದ ತಿರುಗಿ ಕರೆ ಮಾಡಿದರೆ ಎತ್ತುವವರು ಯಾರೋ! ಇನ್ನು ಗಜಲ್ 22 ಅಕ್ಷರದಲ್ಲಿ ಮುಗಿಯುವುದಿಲ್ಲ, ಬರೆದಿಡಬೇಕು. ಬರೆದ ನೋಟುಬುಕ್ಕು ಹಾಸಿಗೆಯ ಕೆಳಗೆ ಎಷ್ಟು ದಿನ ಅಡಗೀತು? 'ತವರಿನಲ್ಲಿ ಕೇಳಿದ್ದು' ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ, ಕೈಬರಹ ಅವಳದೇ. 2010ರಲ್ಲಿ ಹೆಲ್ಮಂಡ್ ಪ್ರಾಂತ್ಯದ ಒಬ್ಬ ಹುಡುಗಿ ಈ ಬಳಗಕ್ಕೆ ಫೋನಿನಲ್ಲಿ ಕವಿತೆ ಓದುವುದು ಅಣ್ಣಂದಿರಿಗೆ ತಿಳಿಯಿತು, ಹೊಡೆತ ಬಿತ್ತು. ಅವಳು ಮೈಗೆ ಬೆಂಕಿ ಹಚ್ಚಿಕೊಂಡು ಸತ್ತಳು. ಮನೆಯವರು ಅದು ಆಕಸ್ಮಿಕ ಎಂದರು. ಅಮೆರಿಕದ ಕವಿ, ಪತ್ರಕರ್ತೆ ಎಲಿಜಾ ಗ್ರಿಸ್ವೋಲ್ಡ್ 2012ರಲ್ಲಿ ಈ ಸಂಗತಿ ಬರೆದ ಮೇಲೆ ಹೊರಜಗತ್ತಿನಲ್ಲಿ ಹೆಚ್ಚು ಜನ ಲಂಡೈಯ ಹೆಸರು ಕೇಳಿದರು.

ಆ ಕೇಳಿಕೆಯಲ್ಲಿ ಕೆಲವು ತಪ್ಪುಗಳೂ ಸೇರಿಕೊಂಡವು. ಆ ಹುಡುಗಿಯ ಪ್ರಾಣ ಹೋದದ್ದು ಲಂಡೈ ಹಾಡಿದ್ದಕ್ಕೆ ಎಂದು ಎಷ್ಟೋ ಕಡೆ ಬರೆದಿದ್ದಾರೆ. ಅವಳನ್ನು ಸಿಕ್ಕಿಸಿದ್ದು ಕವಿತೆ 'ತನ್ನದು' ಎಂದಾದದ್ದು. ಹೆರಾತ್‌ನಲ್ಲಿ 2005ರಲ್ಲಿ ಪ್ರಾಣ ಕಳೆದುಕೊಂಡ ನಾದಿಯಾ ಅಂಜುಮನ್‌ರನ್ನು ಪಶ್ತೊ ಕವಯಿತ್ರಿಯರ ಪಟ್ಟಿಗೆ ಸೇರಿಸುವವರಿದ್ದಾರೆ. ಅವರು ಬರೆದದ್ದು ಫಾರ್ಸಿಯಲ್ಲಿ. ಅನುವಾದದ ತೊಂದರೆ ಇನ್ನೂ ಹಳೆಯದು. ಕಾಬೂಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಕವಿ, ಚಿಂತಕ ಬಹಾವುದ್ದೀನ್ ಮಜ್ರೂಹ್ ಪೆಶಾವರದ ಸುತ್ತಲಿನ ನಿರಾಶ್ರಿತರ ಶಿಬಿರಗಳಿಂದ ಲಂಡೈಗಳನ್ನು ಸಂಗ್ರಹಿಸಿದರು. 1988ರ ಫೆಬ್ರುವರಿ 11ರಂದು ಪೆಶಾವರದ ಅವರ ಮನೆಯ ಬಾಗಿಲಲ್ಲೇ ಅವರ ಕೊಲೆಯಾಯಿತು. ಪಶ್ತೂನ್ ಹೆಂಗಸಿಗೆ ಪ್ರತಿಭಟನೆಯ ದಾರಿ ಎರಡೇ, ಆತ್ಮಹತ್ಯೆ ಇಲ್ಲವೇ ಹಾಡು ಎಂಬುದು ಅವರ ಪುಸ್ತಕದ ವಾದ. ಅದು ಫ್ರೆಂಚಿನಲ್ಲಿ ಬಂದು, ಫ್ರೆಂಚಿನಿಂದ 2003ರಲ್ಲಿ ಇಂಗ್ಲಿಷಿಗೆ ಹೋಯಿತು. ಎರಡು ಭಾಷೆ ದಾಟುವಷ್ಟರಲ್ಲಿ 9 ಮತ್ತು 13ರ ಓರೆ, ಕೊನೆಯ 'ನ' ಎರಡೂ ಮಾಯ. ಎರಡು ಸಮ ಸಾಲುಗಳ ಪ್ರಾಸಕ್ಕೆ ಕೂರಿಸಿದರೆ ಲಂಡೈ ಗಾದೆಯಂತೆ ಕೇಳಿಸುತ್ತದೆ, ಆದರೆ ಅದರ ಕುಟುಕು ಇರುವುದು ಎರಡನೆಯ ಸಾಲು ಮೊದಲನೆಯದಕ್ಕಿಂತ ನಾಲ್ಕಕ್ಷರ ಉದ್ದವಿರುವುದರಲ್ಲಿ. ಕೇಳುಗ ಮುಗಿಯಿತೆಂದುಕೊಂಡ ಮೇಲೂ ಅದು ಮುಂದುವರಿದು ಕಚ್ಚುತ್ತದೆ. ಕನ್ನಡಕ್ಕೆ ತರುವವರು ಪ್ರಾಸ ಬಿಟ್ಟು ಈ ಓರೆಯನ್ನು ಉಳಿಸಿಕೊಂಡರೆ ಹೆಚ್ಚು ನ್ಯಾಯ ಸಿಕ್ಕೀತು.

ಈಗ ಬದಲಾದದ್ದು

13ನೇ ಕಲಮು ಬಂದಾಗ ಹಲವು ಅಫ್ಘಾನ್ ಹೆಂಗಸರು ತಾವು ಹಾಡುವ ವಿಡಿಯೊಗಳನ್ನು ಜಾಲತಾಣಗಳಲ್ಲಿ ಹಾಕಿದರು. ಕೆಲವರು ಬುರ್ಖಾದೊಳಗಿಂದ, ಕೆಲವರು ದೇಶದ ಹೊರಗಿಂದ. ಅದು ಧೈರ್ಯದ ಕೆಲಸ, ಸಂದೇಹವಿಲ್ಲ. ಹಳ್ಳಿಯ ಒಳಮನೆಯಲ್ಲಿ ನಡೆಯುವುದು ಮಾತ್ರ ಯಾವ ವಿಡಿಯೊದಲ್ಲೂ ಕಾಣುವುದಿಲ್ಲ. ಅಲ್ಲಿ ಇಲ್ಲಿಯವರೆಗೆ ಇದ್ದ ಏರ್ಪಾಡು ಇದು: ಗಂಡಸರಿಗೆ ಹೆಂಗಸರ ಹಾಡು ಕೇಳಿಸುತ್ತಿತ್ತು, ಕೇಳಿಸದಂತೆ ಇರುತ್ತಿದ್ದರು. ಗೋಡೆಯಾಚೆಯಿಂದ ಬಂದ ದನಿಗೆ ಮುಖವಿಲ್ಲ, ಹೆಸರಿಲ್ಲ, ಆದ್ದರಿಂದ ಮನೆಯ ಮಾನಕ್ಕೆ ಕುಂದಿಲ್ಲ. ಹೊಸ ಕಾನೂನಿನ ಕೆಳಗೆ ಅದೇ ದನಿ ಮನೆಯ ಗಂಡಸನ್ನು ತಾಲಿಬಾನಿನ ನಡತೆ ಕಾಯುವ ಕಾವಲುಪಡೆಯ ಮುಂದೆ ನಿಲ್ಲಿಸಬಲ್ಲದು. ಕೇಳಿಸದಂತೆ ಇದ್ದವನು ಈಗ ಬಾಯಿ ಮುಚ್ಚಿಸುವವನಾಗಬೇಕು. ಕಾನೂನಿನ ನಿಜವಾದ ಕೆಲಸ ನಡೆಯುವುದು ಹೀಗೆ, ಮನೆಯೊಳಗೆ, ಯಾರನ್ನೂ ಬಂಧಿಸದೆ.

ಅಷ್ಟಕ್ಕೇ ನಿಂತಿಲ್ಲ. 2025ರಲ್ಲಿ ಕವಿಗೋಷ್ಠಿಗಳಿಗೆಂದೇ ಬೇರೊಂದು ಕಾನೂನು ಬಂತು: ಹುಡುಗ ಹುಡುಗಿಯ ಪ್ರೇಮವನ್ನು ಹೊಗಳುವಂತಿಲ್ಲ, ತಾಲಿಬಾನಿನ ಸರ್ವೋಚ್ಚ ನಾಯಕನ ಆಜ್ಞೆಗಳನ್ನು ಟೀಕಿಸುವಂತಿಲ್ಲ. ಪಶ್ತೊದ ಗಂಡಸು ಕವಿಗಳಿಗೂ ಇದು ಹೊಡೆತ, ಪ್ರೇಮವಿಲ್ಲದೆ ಗಜಲ್ ಎಲ್ಲಿಯದು? ಅದೇ ವರ್ಷ ವಿಶ್ವವಿದ್ಯಾಲಯಗಳಿಂದ 680ರಷ್ಟು ಪುಸ್ತಕಗಳನ್ನು ತೆಗೆಸಿದಾಗ 140ರಷ್ಟು ಹೆಂಗಸರು ಬರೆದವು. ಸೆಪ್ಟೆಂಬರ್ 29ರಿಂದ ಸುಮಾರು 48 ಗಂಟೆ ಇಡೀ ದೇಶದ ಇಂಟರ್‌ನೆಟ್ಟು, ಫೋನು ನಿಂತವು. ಶಾಲೆಯಿಂದ ಹೊರಗುಳಿದ ಹದಿಹರೆಯದ ಹುಡುಗಿಯರು 22 ಲಕ್ಷದಷ್ಟು ಎನ್ನುತ್ತದೆ ಯುನೆಸ್ಕೊ. ಅಂದರೆ ಗಜಲ್ ಬರೆಯಬಲ್ಲ ಮುಂದಿನ ತಲೆಮಾರು ತಯಾರಾಗುತ್ತಿಲ್ಲ; ಅವರಿಗೆ ಉಳಿಯುವುದು ಮತ್ತೆ ಆ 22 ಅಕ್ಷರಗಳು, ಪಿಸುದನಿಯಲ್ಲಿ. ಲಂಡೈ ಇದಕ್ಕೂ ಬಗ್ಗದೆ ಉಳಿದೀತು ಎಂದು ಹೇಳಿ ಸಮಾಧಾನಪಡುವವರನ್ನು ಕಂಡರೆ ನನಗೆ ಒಪ್ಪಿಗೆಯಾಗುವುದಿಲ್ಲ. ಬಾಯಿಂದ ಬಾಯಿಗೆ ಹೋಗುವ ಹಾಡಿಗೆ ಎರಡನೆಯ ಬಾಯಿ ಬೇಕು, ಕೂಟ ಬೇಕು, ಸವಾಲಿಗೆ ಜವಾಬು ಬೇಕು. ಒಬ್ಬಳೇ ಗುನುಗಿಕೊಂಡ ಲಂಡೈ ಅವಳ ಜೊತೆಗೇ ಹೋಗುತ್ತದೆ.

ಸಂಗ್ರಹಿಸುವವರ ಮುಂದಿರುವ ಇಕ್ಕಟ್ಟು ಇಲ್ಲಿಯದೇ. 1880ರ ದಶಕದಲ್ಲಿ ಫ್ರೆಂಚ್ ವಿದ್ವಾಂಸ ಜೇಮ್ಸ್ ಡಾರ್ಮ್‌ಸ್ಟೆಟರ್ ಪೆಶಾವರದಲ್ಲಿ ಪಶ್ತೊ ಜನಪದ ಹಾಡುಗಳನ್ನು ಬರೆದುಕೊಂಡಾಗ ಅವನಿಗೆ ಸಿಕ್ಕವರು ಬಹುಪಾಲು 'ಡುಮ್' ಎಂಬ ವೃತ್ತಿಗಾಯಕ ಗಂಡಸರು. ಒಳಮನೆಯ ಬಾಗಿಲು ಅವನಿಗೆ ತೆರೆದಿರಲಿಲ್ಲ. ಇಂದು ಬಾಗಿಲೊಳಗೆ ಹೋಗಬಲ್ಲ ಹೆಣ್ಣು ಸಂಗ್ರಾಹಕಿಯರಿದ್ದಾರೆ, ಕೈಯಲ್ಲಿ ರೆಕಾರ್ಡರ್ ಇದೆ. ಆದರೆ ಧ್ವನಿಮುದ್ರಣ ಎಂದರೆ ಗುರುತು: ಊರಿನವರಿಗೆ ದನಿ ಯಾರದೆಂದು ಎರಡೇ ಸಾಲಿನಲ್ಲಿ ತಿಳಿಯುತ್ತದೆ. ಮುದ್ರಿಸದೆ ಬರೀ ಬರೆದುಕೊಂಡರೆ ರಾಗ ಹೋಗುತ್ತದೆ, ಉಚ್ಚಾರ ಹೋಗುತ್ತದೆ. ಒಂದೇ ಅಕ್ಷರವನ್ನು ಕಂದಹಾರದವಳು 'ಶ'ಕ್ಕೆ ಹತ್ತಿರ, ಪೆಶಾವರದವಳು 'ಖ' ಎನ್ನುತ್ತಾಳೆ. ಪಶ್ತೊ, ಪಖ್ತೊ ಎಂಬ ಎರಡು ಹೆಸರು ಹುಟ್ಟಿದ್ದೇ ಅದರಿಂದ. ಲಿಪಿಯಲ್ಲಿ ಎರಡೂ ಒಂದೇ. ಊರಿನ ಬದಲು ಪ್ರಾಂತ್ಯ, ತಾರೀಖಿನ ಬದಲು ವರ್ಷ, ಯಾವ ಸಂದರ್ಭದಲ್ಲಿ ಹಾಡಿದ್ದು, ಅದಕ್ಕೆ ಮುಂಚೆ ಯಾರಾದರೂ ಯಾವ ಲಂಡೈ ಎತ್ತಿದ್ದರು, ಇಷ್ಟನ್ನು ಬರೆದುಕೊಂಡು, ರಾಗವನ್ನು ದೇಶದ ಹೊರಗಿರುವ ಇನ್ನೊಬ್ಬಳಿಂದ ಹಾಡಿಸಿ ಇಡುವುದು ಸದ್ಯಕ್ಕೆ ಕಾಣುವ ದಾರಿ.

ಸಮಯವೂ ಹೆಚ್ಚಿಲ್ಲ. ದಾಖಲೆಯಿಲ್ಲದ ಅಫ್ಘಾನರನ್ನು ಪಾಕಿಸ್ತಾನ 2023ರ ನವೆಂಬರ್‌ನಿಂದ ಹೊರಗೆ ಕಳಿಸುತ್ತಿದೆ. ಮಜ್ರೂಹ್ ಹಾಡು ಹೆಕ್ಕಿದಂಥ ಪೆಶಾವರ ಸುತ್ತಲಿನ ಶಿಬಿರಗಳು ಖಾಲಿಯಾಗುತ್ತಿವೆ. 40 ವರ್ಷ ಅಲ್ಲಿದ್ದ ಕುಟುಂಬಗಳು ಲಾರಿಯಲ್ಲಿ ಪಾತ್ರೆ, ಹಾಸಿಗೆ, ಚಾವಣಿಯ ತೊಲೆಗಳನ್ನು ಹೇರಿಕೊಂಡು ತೋರ್ಖಂ ಗಡಿ ದಾಟುತ್ತಿವೆ. ಆ ಲಾರಿಗಳಲ್ಲಿ ಶಿಬಿರದ ಮದುವೆಗಳಲ್ಲಿ ದಾಯಿರೆ ಬಡಿದು ಟಪ್ಪಾ ಎತ್ತುತ್ತಿದ್ದ ಅಜ್ಜಿಯರೂ ಇದ್ದಾರೆ. ಗಡಿಯ ಆಚೆ ಇಳಿದು ಮೊಮ್ಮಗಳ ಮದರಂಗಿಯ ರಾತ್ರಿ ಅದೇ ಟಪ್ಪಾ ಎತ್ತಿದರೆ, ಅದು 13ನೇ ಕಲಮಿನ ಕೆಳಗೆ ಬರುತ್ತದೆ.